ಗಿಲ್ ಕುತ್ತಿಗೆಗೆ ಸಿಗದ ಬದಲಿ, ದುಬೆ ತಲೆಗೆ ಸಿಕ್ಕಿದ್ದೇಕೆ?

ಕೋಲ್ಕತ್ತದ ಈಡನ್ ಗಾರ್ಡನ್ಸ್, 2025ರ ನವೆಂಬರ್ 15. ದಕ್ಷಿಣ ಆಫ್ರಿಕಾ ಎದುರಿನ ಟೆಸ್ಟ್‌ನ ಎರಡನೇ ದಿನ. ನಾಯಕ ಶುಭಮನ್ ಗಿಲ್ ಎದುರಿಸಿದ್ದು ಮೂರೇ ಎಸೆತ. ಮೂರನೆಯದನ್ನು ಸ್ವೀಪ್ ಮಾಡಿ ಬೌಂಡರಿಗೆ ಕಳಿಸಿದವರು ಮರುಕ್ಷಣವೇ ಕುತ್ತಿಗೆ ಹಿಡಿದುಕೊಂಡರು. ಫಿಸಿಯೊ ಜೊತೆ ಹೊರನಡೆದ ಗಿಲ್ ಆಸ್ಪತ್ರೆ ಸೇರಿದರು, ಆ ಪಂದ್ಯಕ್ಕೆ ಮತ್ತೆ ಮರಳಲಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ 124 ರನ್ ಬೆನ್ನಟ್ಟಬೇಕಿದ್ದ ಭಾರತ 93ಕ್ಕೆ ಮುಗಿಯಿತು. ಸೋಲಿನ ಅಂತರ 30 ರನ್. ಒಬ್ಬ ಬ್ಯಾಟರ್ ಹೆಚ್ಚಿಗೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕಾಚಾರ ಶುರುವಾಗಲು ಅಷ್ಟು ಸಾಕಾಗಿತ್ತು.

ಜೊತೆಗೇ ಇನ್ನೊಂದು ಪ್ರಶ್ನೆಯೂ ಎದ್ದಿತು. ಅದೇ ವರ್ಷದ ಜನವರಿ 31ರಂದು ಪುಣೆಯಲ್ಲಿ ಇಂಗ್ಲೆಂಡ್ ಎದುರಿನ ಟಿ20ಯಲ್ಲಿ ಶಿವಂ ದುಬೆ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಹರ್ಷಿತ್ ರಾಣಾ ಬದಲಿಯಾಗಿ ಬಂದು ಬೌಲಿಂಗ್ ಮಾಡಿ ಮೂರು ವಿಕೆಟ್ ಕಿತ್ತರು. ಆಸ್ಪತ್ರೆ ಸೇರಿದ ಗಿಲ್‌ಗೆ ಬದಲಿ ಬ್ಯಾಟರ್ ಇಲ್ಲ, ತಾನೇ ಎದ್ದು ನಡೆದುಹೋದ ದುಬೆಗೆ ಬದಲಿ ಬೌಲರ್ ಉಂಟು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದು ಅಭಿಮಾನಿಗಳಿಗೆ ಅನಿಸಿದ್ದು ಸಹಜವೇ. ಈ ವ್ಯತ್ಯಾಸಕ್ಕೆ ಕಾರಣ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ನಿಯಮ ಪುಸ್ತಕದಲ್ಲಿ ಅರ್ಧ ಇದೆ. ಉಳಿದರ್ಧ ತಲೆಬುರುಡೆ ಮತ್ತು ಕುತ್ತಿಗೆಯ ರಚನೆಯಲ್ಲಿದೆ.

ನಿಯಮ ಕೇಳುವುದು ಒಂದೇ ಪ್ರಶ್ನೆ

ಕ್ರಿಕೆಟ್ ಮೊದಲಿನಿಂದಲೂ ಬದಲಿ ಆಟಗಾರರ ವಿಷಯದಲ್ಲಿ ಜಿಪುಣ. ಗಾಯಗೊಂಡವರ ಜಾಗಕ್ಕೆ ಬಂದವರು ಫೀಲ್ಡಿಂಗ್ ಮಾಡಬಹುದು, ಅಂಪೈರ್ ಒಪ್ಪಿದರೆ ವಿಕೆಟ್ ಕೀಪಿಂಗ್ ಕೂಡ ಮಾಡಬಹುದು. ಬ್ಯಾಟಿಂಗ್, ಬೌಲಿಂಗ್ ಮಾತ್ರ ಇಲ್ಲ. ಗಾಯಾಳುಗಳಿಗಾಗಿ ಈ ಗೋಡೆಯಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಮೊದಲ ಬಾಗಿಲು ತೆರೆದದ್ದು 2019ರ ಆಗಸ್ಟ್ 1ರಂದು, ಅದೂ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಒಂದಕ್ಕೆ. ಮರುವರ್ಷ ಕೋವಿಡ್ ಕಾಲದಲ್ಲಿ ಟೆಸ್ಟ್ ಪಂದ್ಯಗಳಿಗೆ ಇನ್ನೊಂದು ವಿನಾಯಿತಿ ಬಂತು.

ನಿಯಮದ ಒಕ್ಕಣೆಯಲ್ಲಿ 'ತಲೆ ಅಥವಾ ಕುತ್ತಿಗೆಯ ಗಾಯ' ಎಂಬ ಮಾತು ಇದೆ. ಗೊಂದಲದ ಒಂದು ಮೂಲ ಇದೇ ಇರಬೇಕು. ಆದರೆ ವಾಕ್ಯವನ್ನು ಪೂರ್ತಿ ಓದಿದರೆ ತೊಡಕು ಬಿಡುತ್ತದೆ: ಪಂದ್ಯದ ವೇಳೆ, ಮೈದಾನದೊಳಗೆ ಆದ ತಲೆ ಅಥವಾ ಕುತ್ತಿಗೆಯ ಗಾಯದಿಂದ ಕನ್‌ಕಷನ್ ಆಗಿರಬೇಕು, ಇಲ್ಲವೇ ಆಗಿರುವ ಶಂಕೆ ಇರಬೇಕು. ಅದನ್ನು ತಂಡದ ವೈದ್ಯಕೀಯ ಪ್ರತಿನಿಧಿ ಖಚಿತವಾಗಿ ನಮೂದಿಸಬೇಕು. ಕುತ್ತಿಗೆ ಇಲ್ಲಿ ಪೆಟ್ಟು ಒಳನುಗ್ಗುವ ದಾರಿ ಮಾತ್ರ, ಪ್ರಶ್ನೆ ಇರುವುದು ಮಿದುಳಿಗೆ ಏನಾಯಿತು ಎಂಬುದರಲ್ಲಿ. ಗಿಲ್‌ಗೆ ಆದದ್ದು ಕತ್ತಿನ ಸ್ನಾಯು ಸೆಳೆತ. ಚೆಂಡೂ ತಾಗಿರಲಿಲ್ಲ, ಮಿದುಳಿಗೆ ತೊಂದರೆಯ ಲಕ್ಷಣವೂ ಇರಲಿಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು.

ಹೆಲ್ಮೆಟ್ ಬುರುಡೆ ಕಾಯುತ್ತದೆ, ಮಿದುಳನ್ನಲ್ಲ

1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಬುರುಡೆ ಒಡೆಯಿತು. ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಕೂಡ ಒಬ್ಬರು. ಜೀವ ಉಳಿಯಿತು, ಆದರೆ ಕಾಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ. ಈಗಿನ ಹೆಲ್ಮೆಟ್‌ಗಳು ಇಂಥ ಮೂಳೆಮುರಿತವನ್ನು ಬಹಳ ಮಟ್ಟಿಗೆ ತಪ್ಪಿಸುತ್ತವೆ. ಚೆಂಡಿನ ಬಡಿತವನ್ನು ಒಂದೇ ಬಿಂದುವಿಗೆ ಬಿಡದೆ ಹರಡುವುದು, ಒಳಗಿನ ಮೆತ್ತೆಯಲ್ಲಿ ಒಂದಷ್ಟನ್ನು ಹೀರಿಕೊಳ್ಳುವುದು ಅವುಗಳ ಕೆಲಸ.

ಕನ್‌ಕಷನ್‌ಗೆ ಬುರುಡೆ ಒಡೆಯಬೇಕಿಲ್ಲ. ಸುಮಾರು 1.3ರಿಂದ 1.4 ಕಿಲೊ ತೂಗುವ ಮಿದುಳು ಬಲು ಮೃದು. ಅದು ಬುರುಡೆಗೆ ಅಂಟಿಕೊಂಡಿಲ್ಲ. ಪೊರೆಗಳ ನಡುವೆ, ತೆಳುವಾದ ದ್ರವದಲ್ಲಿ ತೇಲಿದಂತೆ ಇದೆ. ಬಸ್ಸು ಗಕ್ಕನೆ ನಿಂತಾಗ ಒಳಗೆ ನಿಂತವರು ಮುಗ್ಗರಿಸುವ ಹಾಗೆ, ತಲೆ ಒಮ್ಮೆಲೇ ಚಲಿಸಿದಾಗ ಅಥವಾ ನಿಂತಾಗ ಮಿದುಳು ತುಸು ತಡವಾಗಿ ಹಿಂಬಾಲಿಸುತ್ತದೆ. ನೇರವಾಗಿ ಹಿಂದೆ ಮುಂದೆ ಆಗುವ ಚಲನೆಗಿಂತ ತಲೆ ಗಿರ್ರನೆ ತಿರುಗಿದಾಗ ಆಗುವ ಹಾನಿ ಹೆಚ್ಚು. ಮಿದುಳಿನ ಬೇರೆ ಬೇರೆ ಪದರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ನಡುವಿನ ಸಪೂರ ನರತಂತುಗಳನ್ನು ಎಳೆದು ಹಿಗ್ಗಿಸುತ್ತವೆ. ಹೆಲ್ಮೆಟ್ ತಲೆಯ ಜೊತೆಗೇ ತಿರುಗುತ್ತದೆ. ಹಾಗಾಗಿ ಈ ಸೆಳೆತವನ್ನು ಪೂರ್ತಿ ತಡೆಯುವುದು ಅದರ ಕೈಯಲ್ಲಿಲ್ಲ.

ಮುಂದಿನದು ಜೀವಕೋಶದ ಮಟ್ಟದಲ್ಲಿ ನಡೆಯುತ್ತದೆ. ಹಿಗ್ಗಿದ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು ಮತ್ತೆ ಸರಿಪಡಿಸಲು ಕೋಶಕ್ಕೆ ವಿಪರೀತ ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ಶಕ್ತಿಯ ಪೂರೈಕೆ ಕುಗ್ಗಿರುತ್ತದೆ. ತಲೆಸುತ್ತು, ಮಂಕು, ಬೆಳಕು ಕಂಡರೆ ಕಿರಿಕಿರಿ, ನೆನಪು ತಪ್ಪುವುದು, ಎಲ್ಲದಕ್ಕೂ ಬಲುಮಟ್ಟಿಗೆ ಈ ಕೊರತೆಯೇ ಕಾರಣ. ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮುರಿತ, ಊತಗಳನ್ನು. ಈ ರಾಸಾಯನಿಕ ಏರುಪೇರು ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ 'ಸ್ಕ್ಯಾನ್ ನಾರ್ಮಲ್ ಬಂತು' ಎಂದರೆ ಶಸ್ತ್ರಚಿಕಿತ್ಸೆ ಬೇಕಾದ ಗಾಯ ಇಲ್ಲ ಎಂದಷ್ಟೇ ಅರ್ಥ. ಕನ್‌ಕಷನ್ ಆಗಿಲ್ಲ ಎಂದಲ್ಲ.

ಹಾಗಾದರೆ ಪತ್ತೆ ಹೇಗೆ? ಸದ್ಯ ಕ್ರೀಡಾವೈದ್ಯರು ಬಳಸುವುದು ಸ್ಕ್ಯಾಟ್-6 ಎಂಬ ಪರೀಕ್ಷೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಸಮ್ಮೇಳನದ ಫಲ ಇದು. ನಾವು ಯಾವ ಮೈದಾನದಲ್ಲಿದ್ದೇವೆ ಎಂಬಂಥ ಪ್ರಶ್ನೆ, ಹತ್ತು ಪದ ಕೇಳಿಸಿ ಕೂಡಲೇ ಮೂರು ಬಾರಿ, ಕನಿಷ್ಠ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹೇಳಿಸುವುದು, ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಮ್ಮುಖವಾಗಿ ಹೇಳಿಸುವುದು, ಒಂಟಿಕಾಲಿನಲ್ಲಿ ನಿಲ್ಲಿಸುವುದು, ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸುವುದು. ಸರಿಯಾಗಿ ಮಾಡಿದರೆ ಹತ್ತು ಹದಿನೈದು ನಿಮಿಷ ಬೇಕು. ಟಿವಿಯಲ್ಲಿ ಓವರ್ ನಡುವೆ ಫಿಸಿಯೊ ಓಡಿಬಂದು ನಡೆಸುವುದು ಇದರ ಚುಟುಕು ರೂಪ. ಋತು ಶುರುವಾಗುವ ಮುನ್ನ ಇದೇ ಪರೀಕ್ಷೆ ಮಾಡಿಟ್ಟುಕೊಂಡಿದ್ದರೆ ಹೋಲಿಸಿ ನೋಡಬಹುದು. (ಆಗ ಬೇಕೆಂದೇ ಕಡಿಮೆ ಅಂಕ ಗಳಿಸಿಟ್ಟುಕೊಂಡರೆ ಮುಂದೆ ಪೆಟ್ಟು ಬಿದ್ದಾಗ ಸಿಕ್ಕಿಬೀಳುವುದಿಲ್ಲ ಎಂಬ ಉಪಾಯವೂ ಆಟಗಾರರಿಗೆ ಗೊತ್ತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಡೆ ಇರುತ್ತಾರೆ.)

ಹ್ಯೂಸ್ ಸಾವು, ಸ್ಮಿತ್ ಪೆಟ್ಟು

2014ರ ನವೆಂಬರ್ 25ರಂದು ಸಿಡ್ನಿ ಮೈದಾನದಲ್ಲಿ 63 ರನ್ ಗಳಿಸಿ ಆಡುತ್ತಿದ್ದ ಫಿಲ್ ಹ್ಯೂಸ್ ಬೌನ್ಸರ್ ಅನ್ನು ಹುಕ್ ಮಾಡಲು ಹೋಗಿ ತಪ್ಪಿದರು. ಚೆಂಡು ಹೆಲ್ಮೆಟ್‌ನ ಅಂಚಿನ ಕೆಳಗೆ, ಕಿವಿಯ ಹಿಂಬದಿಯ ಕುತ್ತಿಗೆಗೆ ಬಡಿಯಿತು. ಎರಡು ದಿನದ ನಂತರ ಅವರು ತೀರಿಕೊಂಡರು. ವಯಸ್ಸು 25.

ಅಲ್ಲಿ ನಡೆದದ್ದು ಕನ್‌ಕಷನ್ ಅಲ್ಲ. ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಮೇಲಿನ ಆರರ ಅಕ್ಕಪಕ್ಕದ ಚಿಕ್ಕ ರಂಧ್ರಗಳ ಮೂಲಕ ಎಡಕ್ಕೊಂದು ಬಲಕ್ಕೊಂದರಂತೆ ಎರಡು ರಕ್ತನಾಳಗಳು ಏರಿ, ಮೊದಲ ಮೂಳೆಯ ಮೇಲೆ ಬಳಸಿಕೊಂಡು ಬುರುಡೆಯ ತಳದ ದೊಡ್ಡ ರಂಧ್ರದಿಂದ ಒಳಹೋಗಿ ಮಿದುಳಿನ ಹಿಂಭಾಗಕ್ಕೆ ರಕ್ತ ಒದಗಿಸುತ್ತವೆ. ವರ್ಟೆಬ್ರಲ್ ಅಪಧಮನಿ ಎಂದು ಅವುಗಳ ಹೆಸರು. ಕತ್ತು ಹೊರಳಿದ ಭಂಗಿಯಲ್ಲಿ ಈ ಜಾಗಕ್ಕೆ ರಭಸದ ಪೆಟ್ಟು ಬಿದ್ದರೆ ನಾಳದ ಗೋಡೆ ಹರಿದು ಮಿದುಳಿನ ಸುತ್ತ ರಕ್ತ ತುಂಬಿಕೊಳ್ಳಬಹುದು. ಹ್ಯೂಸ್‌ಗೆ ಆದದ್ದು ಇದೇ. ತೀರಾ ಅಪರೂಪ, ಆದರೆ ಹೀಗಾದರೆ ಉಳಿಯುವುದು ಕಷ್ಟ.

ವಿಚಿತ್ರವೆಂದರೆ, ಬದಲಿ ಆಟಗಾರನ ನಿಯಮ ಇದ್ದಿದ್ದರೂ ಹ್ಯೂಸ್ ಉಳಿಯುತ್ತಿರಲಿಲ್ಲ. ಆ ಸಾವಿಗೆ ನೇರ ಉತ್ತರ ಹೆಲ್ಮೆಟ್‌ನ ಹಿಂಬದಿಗೆ ಸಿಕ್ಕಿಸುವ ಕುತ್ತಿಗೆ ಕವಚ. ಆಸ್ಟ್ರೇಲಿಯಾದ ಮಂಡಳಿ ಅದನ್ನು ವೇಗದ ಬೌಲಿಂಗ್ ಎದುರಿಸುವವರಿಗೆ ಕಡ್ಡಾಯ ಮಾಡಿದ್ದು 2023ರ ಅಕ್ಟೋಬರ್‌ನಲ್ಲಿ. ಆದರೂ ಆ ಸಾವು ಎಲ್ಲರನ್ನೂ ಅಲುಗಿಸಿತು. ತಲೆಗೆ ಬಿದ್ದ ಏಟನ್ನು ಕೈಕೊಡವಿ ಆಡುವ ರೂಢಿಯನ್ನು ಮಂಡಳಿಗಳು ಮತ್ತೆ ನೋಡುವಂತಾಯಿತು. ಕನ್‌ಕಷನ್ ಬದಲಿ ಮೊದಲು ದೇಶಿ ಕ್ರಿಕೆಟ್‌ನಲ್ಲಿ ಪ್ರಯೋಗವಾಗಿ, ಬಳಿಕ ಐಸಿಸಿ ಮಟ್ಟಕ್ಕೆ ಏರಿತು.

ನಿಯಮ ಬಂದ ತಿಂಗಳಲ್ಲೇ ಪರೀಕ್ಷೆ ಎದುರಾಯಿತು. ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದಾಗ ಅವರು 80 ರನ್ ಗಳಿಸಿದ್ದರು. ಹೊರಹೋದರು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಮರಳಿ ಬಂದು 92ರವರೆಗೆ ಆಡಿದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು ಕಾಣಿಸಿಕೊಂಡಿತು. ಮಾರ್ನಸ್ ಲಾಬುಷೇನ್ ಟೆಸ್ಟ್ ಇತಿಹಾಸದ ಮೊದಲ ಕನ್‌ಕಷನ್ ಬದಲಿಯಾಗಿ ಬಂದರು. ಮೊದಲ ಪರೀಕ್ಷೆ ಪಾಸಾದರೂ ಲಕ್ಷಣ ತಡವಾಗಿ ಬರಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಪುಣೆಯ ದುಬೆ ಪ್ರಕರಣ ಅರ್ಥವಾಗಲು ಈ ಅಂಶ ನೆನಪಿರಬೇಕು.

ಕುತ್ತಿಗೆ ಉಳುಕಿನ ಲೆಕ್ಕ ಬೇರೆ

ನಾಲ್ಕೂವರೆ ಐದು ಕಿಲೊ ತೂಗುವ ತಲೆಯನ್ನು ಕುತ್ತಿಗೆಯ ಸ್ನಾಯುಗಳು ದಿನವಿಡೀ ಹಿಡಿದು ನಿಲ್ಲಿಸಿರುತ್ತವೆ. ಬೆನ್ನುಮೂಳೆಯ ಸಣ್ಣ ಕೀಲಿಗೋ ಡಿಸ್ಕ್‌ಗೋ ಸ್ನಾಯುವಿಗೋ ಕಿರಿಕಿರಿಯಾದರೆ ಸುತ್ತಲಿನ ಸ್ನಾಯುಗಳು ಆ ಜಾಗ ಅಲುಗದಂತೆ ಬಿಗಿದುಕೊಳ್ಳುತ್ತವೆ. ದೇಹದ ರಕ್ಷಣಾ ಕ್ರಮವೇ ನೋವಾಗಿ ಕಾಡುತ್ತದೆ. ನಿದ್ದೆಯಲ್ಲಿ ಕತ್ತು ಹಿಡಿದುಕೊಂಡು ಬೆಳಿಗ್ಗೆ ತಿರುಗಲಾಗದೆ ಒದ್ದಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೋವಿಗಿಂತ ವೈದ್ಯರು ಹುಡುಕುವುದು ಬೇರೆಯದನ್ನು: ಕೈಗೆ ಹರಿಯುವ ಜೋಮು, ಬೆರಳಿನ ಹಿಡಿತ ಸಡಿಲವಾಗಿರುವುದು, ನಡಿಗೆ ತಪ್ಪುವುದು. ಇವು ನರದ ಬುಡ ಅಥವಾ ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರುವ ಸೂಚನೆ. ಕುತ್ತಿಗೆಯ ಮೂರರಿಂದ ಐದನೇ ಮಟ್ಟದ ನರಗಳು ಉಸಿರಾಟದ ವಪೆಯನ್ನು ನಡೆಸುವುದರಿಂದ ಅಲ್ಲಿನ ಗಂಭೀರ ಗಾಯ ಜೀವಕ್ಕೇ ಕುತ್ತು. ಸೆಳೆತ ಎಂದು ಗೊತ್ತಾದ ಮೇಲೂ ನೋಡಿಕೊಳ್ಳಲು ಆಟಗಾರನನ್ನು ಆಸ್ಪತ್ರೆಗೆ ಸೇರಿಸುವುದು ಅತಿರೇಕವಲ್ಲ.

ಹೀಗಿದ್ದೂ ಗಿಲ್‌ಗೆ ಬದಲಿ ಇಲ್ಲವೆಂದರೆ ಅನ್ಯಾಯವಲ್ಲವೇ? 2025ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ನ ಕೊನೆಯ ಇನಿಂಗ್ಸ್‌ನಲ್ಲಿ ಬೆನ್ನು ಹಿಡಿದುಕೊಂಡ ಬೂಮ್ರಾ ಒಂದೂ ಓವರ್ ಎಸೆಯಲಾಗದೆ ಭಾರತ ಪಂದ್ಯ ಕಳೆದುಕೊಂಡಾಗಲೂ ಇದೇ ಪ್ರಶ್ನೆ ಇತ್ತು. ಉತ್ತರ ನಿಯಮದ ಉದ್ದೇಶದಲ್ಲಿದೆ. ಬೆನ್ನು ಹಿಡಿದವರು, ಕತ್ತು ತಿರುಗದವರು ಆಡಲು ಆಗುವುದಿಲ್ಲ ಎಂದು ತಾವೇ ಹೇಳುತ್ತಾರೆ. ನೋವೇ ಅವರನ್ನು ತಡೆಯುತ್ತದೆ. ಕನ್‌ಕಷನ್ ಆದವರ ಮಾತೇ ಬೇರೆ. ಪೆಟ್ಟು ಬಿದ್ದಿರುವುದೇ ತೀರ್ಮಾನ ಮಾಡಬೇಕಾದ ಅಂಗಕ್ಕೆ. 'ನಾನು ಚೆನ್ನಾಗಿದ್ದೇನೆ' ಎಂಬ ಅವರ ಮಾತಿಗೆ ಬೆಲೆ ಕಟ್ಟುವಂತಿಲ್ಲ. ತಂಡ ಹತ್ತೇ ಜನಕ್ಕಿಳಿಯುತ್ತದೆ ಎಂಬ ಭಯ ಇದ್ದರಂತೂ ವೈದ್ಯರ ಮೇಲೂ ಒತ್ತಡ. ಆ ಒತ್ತಡ ಕಳೆಯಲೆಂದೇ ಬದಲಿ ಆಟಗಾರ. ಇದು ಸತ್ಯ ಹೇಳಿದ್ದಕ್ಕೆ ತಂಡಕ್ಕೆ ದಂಡ ಬೀಳದಂತೆ ಮಾಡಿದ ಏರ್ಪಾಡು, ಗಾಯಕ್ಕೆ ಕೊಟ್ಟ ಪರಿಹಾರ ಅಲ್ಲ.

ಆಡಲು ಬಿಟ್ಟರೆ ಏನಾದೀತು? 140 ಕಿ.ಮೀ. ವೇಗದ ಚೆಂಡು ಬ್ಯಾಟರ್ ತಲುಪಲು ಸುಮಾರು ಅರ್ಧ ಸೆಕೆಂಡ್. ಮಂಕಾದ ಮಿದುಳಿನ ಪ್ರತಿಕ್ರಿಯೆ ಅದರಲ್ಲೂ ಕಾಲು ಭಾಗ ತಡವಾದರೆ ಎರಡನೇ ಪೆಟ್ಟಿನ ಸಾಧ್ಯತೆ ಏರುತ್ತದೆ. ಮೊದಲ ಪೆಟ್ಟಿನ ಏರುಪೇರು ಸರಿಹೋಗದ ಮಿದುಳಿಗೆ ಎರಡನೆಯದು ಬಿದ್ದರೆ ಚೇತರಿಕೆ ವಾರಗಳಿಂದ ತಿಂಗಳುಗಳಿಗೆ ಹೋಗಬಹುದು. ಅಪರೂಪಕ್ಕೆ, ಮುಖ್ಯವಾಗಿ ಎಳೆಯರಲ್ಲಿ, ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು. ಪೆಟ್ಟು ಮರುಕಳಿಸುತ್ತಾ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ವಿಲ್ ಪುಕೊವ್‌ಸ್ಕಿ ಉದಾಹರಣೆ. ಭಾರತದ ಎದುರು ಸಿಡ್ನಿಯಲ್ಲಿ 62 ರನ್ ಗಳಿಸಿ ಟೆಸ್ಟ್ ಪದಾರ್ಪಣೆ ಮಾಡಿದ್ದ ಪ್ರತಿಭಾವಂತ 27ನೇ ವಯಸ್ಸಿಗೇ, 2025ರಲ್ಲಿ, ಆಟ ಬಿಟ್ಟರು.

ಕುಂಬ್ಳೆ ದವಡೆಯನ್ನು ಇಲ್ಲಿ ಎಳೆದು ತರಬೇಡಿ

ಈ ಚರ್ಚೆ ಬಂದಾಗಲೆಲ್ಲ ಕರ್ನಾಟಕದಲ್ಲಿ ಯಾರಾದರೊಬ್ಬರು 2002ರ ಆಂಟಿಗುವಾ ನೆನಪಿಸುತ್ತಾರೆ. ದವಡೆ ಮುರಿದಿದ್ದರೂ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ ಅನಿಲ್ ಕುಂಬ್ಳೆ. 'ಅಂಥವರೆಲ್ಲಿ, ತಲೆನೋವು ಅಂತ ಕೂರುವ ಇಂದಿನವರೆಲ್ಲಿ' ಎಂಬುದು ಮಾತಿನ ಧಾಟಿ. ಆ ಹದಿನಾಲ್ಕು ಓವರ್‌ಗಳ ಘನತೆಗೆ ಚ್ಯುತಿ ಇಲ್ಲ. ಆದರೆ ಹೋಲಿಕೆ ತಪ್ಪು. ಮುರಿದ ದವಡೆಯ ನೋವನ್ನು ಸಹಿಸುವುದು ಮನುಷ್ಯನ ಸ್ವಂತ ನಿರ್ಧಾರ, ಅಪಾಯವೇನೆಂದು ಅಳೆಯುವ ಮಿದುಳು ಆಗ ಸ್ವಸ್ಥವಾಗಿರುತ್ತದೆ. ಕನ್‌ಕಷನ್‌ನಲ್ಲಿ ಅದೇ ಇರುವುದಿಲ್ಲ.

ಕ್ಯಾನ್‌ಬೆರಾದಿಂದ ಪುಣೆಗೆ: ಅನುಮಾನದ ಬೀಜ

ಉದ್ದೇಶ ಒಳ್ಳೆಯದಿದ್ದರೂ ನಿಯಮಕ್ಕೆ ಒಂದು ದೌರ್ಬಲ್ಯವಿತ್ತು. ಇಡೀ ಗೋಡೆಗೆ ಒಂದೇ ಬಾಗಿಲಾದರೆ ಎಲ್ಲರ ಕಣ್ಣೂ ಅದರ ಮೇಲೆ. 2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾ ಟಿ20ಯಲ್ಲಿ ರವೀಂದ್ರ ಜಡೇಜಗೆ ತೊಡೆಯ ಸ್ನಾಯು ನೋವು ಬೇರೆ ಇತ್ತು. ಕೊನೆಯ ಓವರ್‌ನಲ್ಲಿ ಮಿಚೆಲ್ ಸ್ಟಾರ್ಕ್ ಚೆಂಡು ಹೆಲ್ಮೆಟ್‌ಗೆ ಬಡಿದ ಮೇಲೂ ಅವರು ಆಡಿದರು. ವಿರಾಮದ ನಂತರ ಬದಲಿಯಾಗಿ ಬಂದ ಯಜುವೇಂದ್ರ ಚಾಹಲ್ 25 ರನ್‌ಗೆ 3 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಆಸ್ಟ್ರೇಲಿಯಾದ ಕೋಚ್ ಜಸ್ಟಿನ್ ಲ್ಯಾಂಗರ್ ಮೈದಾನದ ಅಂಚಿನಲ್ಲೇ ಮ್ಯಾಚ್ ರೆಫರಿ ಜೊತೆ ವಾದಕ್ಕಿಳಿದರು. ತಲೆಗೆ ಬಿದ್ದದ್ದು ನಿಜವೇ, ತೊಡೆಗೆ ಮದ್ದು ತಲೆಯ ಹೆಸರಲ್ಲಿ ಸಿಕ್ಕಿತೇ ಎಂಬ ಗುಸುಗುಸು ನಿಲ್ಲಲಿಲ್ಲ.

ಪುಣೆಯಲ್ಲಿ ವಿವಾದದ ರೂಪ ಬೇರೆ. ಅಲ್ಲಿ ಪೆಟ್ಟಿಗಿಂತ ಬದಲಿಯ ಆಯ್ಕೆ ಪ್ರಶ್ನೆಗೊಳಗಾಯಿತು. 53 ರನ್ ಗಳಿಸಿದ್ದ ದುಬೆಗೆ ಇನಿಂಗ್ಸ್‌ನ ಕೊನೆಗೆ ಜೇಮಿ ಓವರ್ಟನ್ ಚೆಂಡು ತಲೆಗೆ ಬಡಿಯಿತು. ಬದಲಿಯಾಗಿ ಬಂದದ್ದು ಅದುವರೆಗೆ ಒಂದೂ ಅಂತರರಾಷ್ಟ್ರೀಯ ಟಿ20 ಆಡದ ಪೂರ್ಣಾವಧಿ ವೇಗಿ ರಾಣಾ. 33 ರನ್‌ಗೆ 3 ವಿಕೆಟ್, ಭಾರತಕ್ಕೆ 15 ರನ್ ಗೆಲುವು, ಸರಣಿಯೂ ಕೈವಶ. ನಿಯಮದ ಪ್ರಕಾರ ಬದಲಿ ಆಟಗಾರ ಸಮಾನ ಪಾತ್ರದವರಿರಬೇಕು, ತಂಡಕ್ಕೆ ಅತಿಯಾದ ಲಾಭ ಆಗಬಾರದು. ಇದು ಸಮಾನ ಬದಲಿ ಹೇಗಾದೀತು ಎಂದು ಇಂಗ್ಲೆಂಡ್ ನಾಯಕ ಜೋಸ್ ಬಟ್ಲರ್ ಬಹಿರಂಗವಾಗಿಯೇ ಹುಬ್ಬೇರಿಸಿದರು. ಒಪ್ಪಿಗೆ ಕೊಟ್ಟವರು ಮ್ಯಾಚ್ ರೆಫರಿ, ನಮ್ಮವರೇ ಆದ ಜಾವಗಲ್ ಶ್ರೀನಾಥ್.

ರೆಫರಿಯ ಪರವಾಗಿ ಹೇಳಬಹುದಾದ ಮಾತೂ ಇದೆ. ಪಂದ್ಯದ ಉಳಿದ ಭಾಗದಲ್ಲಿ ಗಾಯಾಳುವಿನ ಪಾತ್ರ ಏನಿರುತ್ತಿತ್ತು ಎಂದು ನೋಡಲು ನಿಯಮ ಹೇಳುತ್ತದೆ. ಭಾರತದ ಬ್ಯಾಟಿಂಗ್ ಮುಗಿದಿತ್ತು. ದುಬೆಗೆ ಉಳಿದಿದ್ದು ಫೀಲ್ಡಿಂಗ್ ಮತ್ತು ಮಧ್ಯಮ ವೇಗದ ಬೌಲಿಂಗ್. ವೇಗದ ಬೌಲರ್‌ಗೆ ವೇಗದ ಬೌಲರ್, ಅಕ್ಷರಕ್ಕೆ ಸರಿ. ಆದರೆ ದುಬೆ ಪೂರ್ತಿ ನಾಲ್ಕು ಓವರ್ ಎಸೆಯುತ್ತಿದ್ದರೇ? ತಂಡದಲ್ಲಿ ರಮಣದೀಪ್ ಸಿಂಗ್ ಎಂಬ ಆಲ್‌ರೌಂಡರ್ ಇದ್ದರು. ಓವರ್ ಮಿತಿಯಂಥ ಷರತ್ತು ಹಾಕುವ ಅಧಿಕಾರವೂ ರೆಫರಿಗಿತ್ತು. ತೀರ್ಪಿನ ವಿರುದ್ಧ ಮೇಲ್ಮನವಿ ಇಲ್ಲ. ನಿಯಮ ಮುರಿಯಲಿಲ್ಲ, ಆದರೆ ಎಷ್ಟು ಎಳೆದರೆ ಅಷ್ಟು ಹಿಗ್ಗುತ್ತದೆ ಎಂಬುದು ಬಯಲಾಯಿತು. ಇಲ್ಲಿ ಇಂಗ್ಲೆಂಡ್‌ನ ಅಸಮಾಧಾನಕ್ಕೆ ಆಧಾರವಿತ್ತು ಎಂದೇ ಹೇಳಬೇಕು.

ಮುಂಚಿತವಾಗಿ ಹೆಸರು ಕೊಡಿ

ಐಸಿಸಿ 2025ರ ಮಧ್ಯದಲ್ಲಿ ಎರಡು ತಿದ್ದುಪಡಿ ತಂದಿತು. ಪಂದ್ಯಕ್ಕೆ ಮುನ್ನವೇ ತಂಡಗಳು ಐದು ಸಂಭಾವ್ಯ ಬದಲಿಗಳ ಹೆಸರು ಕೊಡಬೇಕು: ಒಬ್ಬ ವಿಕೆಟ್ ಕೀಪರ್, ಒಬ್ಬ ಬ್ಯಾಟರ್, ಒಬ್ಬ ವೇಗಿ, ಒಬ್ಬ ಸ್ಪಿನ್ನರ್, ಒಬ್ಬ ಆಲ್‌ರೌಂಡರ್. ಪೆಟ್ಟು ಬಿದ್ದ ಮೇಲೆ ಪಿಚ್ ನೋಡಿ ಆರಿಸುವ ಅವಕಾಶ ಇದರಿಂದ ಕುಗ್ಗುತ್ತದೆ. ಎರಡನೆಯದಾಗಿ, ಕನ್‌ಕಷನ್ ಎಂದು ಘೋಷಿಸಲಾದ ಆಟಗಾರ ಕನಿಷ್ಠ ಏಳು ದಿನ ಆಡುವಂತಿಲ್ಲ. ಇದು ಆರೋಗ್ಯ ರಕ್ಷಣೆಯೂ ಹೌದು, ಸುಳ್ಳು ಹೇಳುವವರಿಗೆ ಕಡಿವಾಣವೂ ಹೌದು. ತೊಡೆ ನೋವಿಗೆ ತಲೆಯ ನೆಪ ಹೇಳಿದರೆ ಮುಂದಿನ ಪಂದ್ಯ ಕೈತಪ್ಪುತ್ತದೆ. ಮಿದುಳಿನ ದೃಷ್ಟಿಯಿಂದಲೂ ಏಳು ದಿನ ಅತಿಯಾಗದು. ಹಂತ ಹಂತವಾಗಿ ಮರಳುವ ಕ್ರಮದಲ್ಲಿ ಆರು ಮೆಟ್ಟಿಲುಗಳಿವೆ, ಪ್ರತಿಯೊಂದಕ್ಕೂ ಕನಿಷ್ಠ ಒಂದು ದಿನ ಬೇಕು.

ಟಿ20ಯಲ್ಲಿ ಮಾತ್ರ ತಕರಾರು ಪೂರ್ತಿ ನಿಲ್ಲದು. ಒಂದು ಇನಿಂಗ್ಸ್ ಮುಗಿದ ಮೇಲೆ ಆಲ್‌ರೌಂಡರ್‌ನ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದರ್ಧಕ್ಕೆ ಯಾರು ಸಮಾನ ಎಂಬುದು ಮುಂದೆಯೂ ರೆಫರಿಯ ವಿವೇಚನೆಗೇ ಬಿಟ್ಟದ್ದು.

ಎಲ್ಲ ಗಾಯಕ್ಕೂ ಬದಲಿ?

2025ರ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರಿಷಭ್ ಪಂತ್ ಮುರಿದ ಪಾದದಲ್ಲೇ ಕುಂಟುತ್ತಾ ಬ್ಯಾಟಿಂಗ್‌ಗೆ ಬಂದಾಗ ಈ ವಾದ ಬಿರುಸಾಯಿತು. ಕಣ್ಣಿಗೆ ಕಾಣುವ ಗಂಭೀರ ಗಾಯಕ್ಕೆ ಬದಲಿ ಇರಲಿ ಎಂದು ಕೋಚ್ ಗೌತಮ್ ಗಂಭೀರ್. ಅದು ಹಾಸ್ಯಾಸ್ಪದ, ದುರುಪಯೋಗಕ್ಕೆ ದಾರಿ ಎಂದು ಇಂಗ್ಲೆಂಡ್ ನಾಯಕ ಬೆನ್ ಸ್ಟೋಕ್ಸ್. ದಣಿದ ಬೌಲರ್‌ಗೆ ಎಂಆರ್‌ಐ ಮಾಡಿಸಿದರೆ ಏನಾದರೊಂದು ಊತ ಸಿಕ್ಕೇ ಸಿಗುತ್ತದೆ ಎಂಬ ಸ್ಟೋಕ್ಸ್ ವಾದದಲ್ಲಿ ಹುರುಳಿದೆ. ವೇಗಿಗಳ ಸೊಂಟದ ಮೂಳೆಯ ಸ್ಕ್ಯಾನ್ ತೆಗೆದರೆ ನೋವಿಲ್ಲದವರಲ್ಲೂ ಸವೆತದ ಗುರುತು ಕಾಣುವುದುಂಟು.

ಬಿಸಿಸಿಐ 2025-26ರಿಂದ ದೇಶಿ ಬಹುದಿನದ ಪಂದ್ಯಗಳಲ್ಲಿ ಗಂಭೀರ ಗಾಯದ ಬದಲಿಗೆ ಅವಕಾಶ ಕೊಟ್ಟಿದೆ. ಹೊರಗಿನ ಪೆಟ್ಟಿನಿಂದ ಆದ ಮುರಿತ, ಆಳವಾದ ಗಾಯ, ಕೀಲು ಜಾರಿಕೆಯಂಥವಕ್ಕೆ ಮಾತ್ರ. ಆಸ್ಟ್ರೇಲಿಯಾ ತನ್ನ ಶೆಫೀಲ್ಡ್ ಶೀಲ್ಡ್‌ನ ಪ್ರಯೋಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎದುರಾಳಿಗೂ ಒಂದು ಬದಲಾವಣೆಯ ಅವಕಾಶ ಇಟ್ಟಿತು. ಇದರಿಂದ ಗಾಯದ ನೆಪದ ಲಾಭ ಕರಗುತ್ತದೆ. ಗಮನಿಸಬೇಕಾದ್ದೆಂದರೆ, ಬಿಸಿಸಿಐನ ಈ ನಿಯಮ ಅಂತರರಾಷ್ಟ್ರೀಯ ಪಂದ್ಯಕ್ಕೂ ಬಂದಿದ್ದರೆ ಪಂತ್‌ಗೆ ಬದಲಿ ಸಿಗುತ್ತಿತ್ತು, ಗಿಲ್‌ಗೆ ಆಗಲೂ ಇಲ್ಲ. ಸ್ವೀಪ್ ಮಾಡುವಾಗ ಹಿಡಿದುಕೊಂಡ ಕತ್ತು ಹೊರಗಿನ ಪೆಟ್ಟಲ್ಲ.

ವೈದ್ಯರಿಲ್ಲದ ಮೈದಾನದಲ್ಲಿ

ರೆಫರಿ, ಫಿಸಿಯೊ, ಹದಿನೈದು ನಿಮಿಷದ ಪರೀಕ್ಷೆ, ಇವೆಲ್ಲ ಟಿವಿ ಕ್ರಿಕೆಟ್‌ಗೆ. ಶಾಲೆ, ಕ್ಲಬ್ ಮೈದಾನಗಳಲ್ಲಿ ಪೆಟ್ಟು ಬಿದ್ದರೆ ನೀರು ಚಿಮುಕಿಸಿ 'ಏನಾಗಲ್ಲ, ಆಡು' ಎನ್ನುವುದೇ ರೂಢಿ. 2025ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನ ನೆಟ್ ಅಭ್ಯಾಸದಲ್ಲಿ 17 ವರ್ಷದ ಹುಡುಗನೊಬ್ಬ ಕುತ್ತಿಗೆಗೆ ಚೆಂಡು ಬಿದ್ದು ತೀರಿಕೊಂಡ. ಹೆಲ್ಮೆಟ್ ಇತ್ತು, ಕುತ್ತಿಗೆ ಕವಚ ಇರಲಿಲ್ಲ.

ವೈದ್ಯರಲ್ಲದವರಿಗಾಗಿಯೇ ಸಿಆರ್‌ಟಿ-6 ಎಂಬ ಒಂದು ಹಾಳೆಯ ಮಾರ್ಗಸೂಚಿ ಇದೆ. ಅದರ ಸಾರ ಇಷ್ಟು: ಶಂಕೆ ಬಂದರೆ ಆಟದಿಂದ ಹೊರಗೆ, ಆ ದಿನ ಮತ್ತೆ ಒಳಗಿಲ್ಲ. ಮೊದಲ ಕೆಲವು ಗಂಟೆ ಒಂಟಿಯಾಗಿ ಬಿಡಬಾರದು, ಬೈಕ್ ಓಡಿಸಲೂ ಬಿಡಬಾರದು. ಪದೇ ಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಎರಡೆರಡಾಗಿ ಕಾಣುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಕುತ್ತಿಗೆ ನೋವು, ಕೈಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಇವುಗಳಲ್ಲಿ ಒಂದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಎತ್ತಿ ಕೂರಿಸಬಾರದು. ತರಬೇತಿ ಇಲ್ಲದವರು ಹೆಲ್ಮೆಟ್ ಕಳಚಲೂ ಹೋಗಬಾರದು. ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು, ಉಸಿರಾಟ ನೋಡುತ್ತಾ ಆಂಬುಲೆನ್ಸ್ ಬರುವವರೆಗೆ ಹಾಗೇ ಇರುವುದು.